ಕೋಟು ತೊಟ್ಟವರ ಪಂಕ್ತಿ

ನಮ್ಮ ಬೀರುವಿನಲ್ಲಿ ಒಂದು ಕರಿಯ ಕೋಟಿದೆ. ಬಾಗಿಲು ತೆಗೆದರೆ ಸಾಕು, ಹ್ಯಾಂಗರಿನಿಂದ ಜಾರಿ ನನ್ನ ಹೆಗಲ ಮೇಲೆ ಬೀಳುತ್ತದೆ. ಮೊನ್ನೆಯೂ ಹಾಗೇ ಆಯಿತು. ಟವೆಲು ಹುಡುಕಲು ಹೋದವನು ಹೌಹಾರಿ ಹಿಂದೆ ಸರಿದೆ. ನನ್ನ ಹೆಂಡತಿ ಸುಮಿತ್ರ ಅಡುಗೆಮನೆಯಿಂದಲೇ, “ಏನ್ರೀ ಬಿತ್ತು?” ಎಂದಳು. “ಏನಿಲ್ಲ, ಕೋಟು” ಎಂದೆ. “ಅದಿನ್ನೂ ನಿಮ್ಮನ್ನ ಹೆದರಿಸೋದು ಬಿಟ್ಟಿಲ್ವಾ” ಎಂದು ನಕ್ಕಳು. ನಗುವವರಿಗೇನು, ನಗುತ್ತಾರೆ. ಅದನ್ನು ಮತ್ತೆ ಹ್ಯಾಂಗರಿಗೆ ಏರಿಸಿ ಬಾಗಿಲು ಹಾಕಿದೆ.

ಕುಮಾರಸ್ವಾಮಿ ಲೇಔಟಿನಲ್ಲಿ ವಾಸ ಮಾಡುವ, ಸರ್ಕಾರಿ ಕಚೇರಿಯಿಂದ ನಿವೃತ್ತನಾದ ಮನುಷ್ಯನಿಗೆ ಕೋಟು ಯಾಕೆ ಬೇಕು, ನೀವೇ ಹೇಳಿ. ಡಿಸೆಂಬರಿನಲ್ಲಿ ಹಾಲು ತರಲು ಹೋಗುವಾಗ ಒಂದು ಸ್ವೆಟರು, ಮಳೆ ಬಂದರೆ ಒಂದು ಕೊಡೆ. ನನ್ನ ಮದುವೆಯ ಆರತಕ್ಷತೆಯಲ್ಲೂ ನಾನು ರೇಷ್ಮೆ ಪಂಚೆಯಲ್ಲೇ ನಿಂತಿದ್ದವನು. ಈ ಕೋಟು ನಮ್ಮ ಮನೆಗೆ ಬಂದದ್ದು ಒಂದು ಊಟಕ್ಕಾಗಿ. ಒಂದೇ ಒಂದು ಊಟಕ್ಕಾಗಿ.

ಸುಮಿತ್ರ ಚಿಕ್ಕಲಸಂದ್ರದ ಒಂದು ಶಾಲೆಯಲ್ಲಿ ಭೂಗೋಳದ ಟೀಚರಾಗಿದ್ದಳು. ವರ್ಷ ವರ್ಷವೂ ನೀಲಿ ಸೀಮೆಸುಣ್ಣದಲ್ಲಿ ಸಮುದ್ರಗಳನ್ನು ಬರೆದು ಅಳಿಸಿದ್ದೇ ಬಂತು, ಒಂದು ಸಲವೂ ಸಮುದ್ರದ ಮೇಲೆ ಹೋದವಳಲ್ಲ. ನಿವೃತ್ತಿಯಾದ ಮೇಲೆ ಹೋಗೋಣ ಎಂದುಕೊಂಡಿದ್ದೆವು. ನಿವೃತ್ತಿಯಾದ ಮೇಲೆ ಬಂದದ್ದು ಕ್ಯಾನ್ಸರ್. ಆಪರೇಷನ್ನು, ಕೀಮೋ, ಕೂದಲು ಹೋಗಿದ್ದು, ಬಂದಿದ್ದು ಎಲ್ಲವನ್ನೂ ಅವಳು ಪರೀಕ್ಷೆ ಪತ್ರಿಕೆ ತಿದ್ದುವವರ ಹಾಗೆ ಸಮಾಧಾನವಾಗಿ ಮುಗಿಸಿದಳು. ಕೊನೆಗೆ ಡಾಕ್ಟರು, “ಸದ್ಯಕ್ಕೆ ಏನೂ ಇಲ್ಲ. ಆದರೆ ಊಟ ಸೇರಬೇಕು. ಹೀಗೆ ತೂಕ ಇಳೀತಾ ಹೋದ್ರೆ ಆಗಲ್ಲ” ಎಂದರು. ಅದೊಂದು ಮಾತ್ರ ಆಗುತ್ತಿರಲಿಲ್ಲ. ಏನು ಮಾಡಿದರೂ ಊಟ ಸೇರುತ್ತಿರಲಿಲ್ಲ. ತಟ್ಟೆಯ ಮುಂದೆ ಕೂರುತ್ತಾಳೆ, ಎರಡು ತುತ್ತು ಉಣ್ಣುತ್ತಾಳೆ, “ಸಾಕು” ಎಂದು ಏಳುತ್ತಾಳೆ. ಅವಳು ಏಳುವ ಕುರ್ಚಿಯ ಸದ್ದು ಕೇಳಿದರೆ ನಾನೂ ಅರ್ಧಕ್ಕೇ ಕೈ ತೊಳೆಯುತ್ತಿದ್ದೆ.

ಹೀಗಿರುವಾಗ ಒಂದು ದಿನ ಫೋನಿನಲ್ಲಿ ಯಾವುದೋ ಹಡಗಿನ ಪ್ರವಾಸದ ಜಾಹೀರಾತು ನೋಡುತ್ತಾ ಕೂತಿದ್ದವಳು ನನ್ನನ್ನು ಕರೆದಳು. ದೊಡ್ಡದೊಂದು ಊಟದ ಹಾಲ್, ಬಿಳಿ ಬಟ್ಟೆ ಹಾಸಿದ ಮೇಜುಗಳು, ಪಕ್ಕದಲ್ಲಿ ಉದ್ದಕ್ಕೂ ಗಾಜು, ಗಾಜಿನಾಚೆ ಬರೀ ನೀರು. “ಇಲ್ಲಿ ಕೂತ್ರೆ ಊಟ ಸೇರ್ಬಹುದೇನೋ ರೀ” ಎಂದಳು. ತಮಾಷೆಗೇ ಅಂದಿರಬಹುದು. ನಾನು ಅದನ್ನು ವೈದ್ಯರ ಚೀಟಿಯಂತೆ ತೆಗೆದುಕೊಂಡೆ. ಮರುದಿನವೇ ಜಯನಗರದ ಟ್ರಾವೆಲ್ ಆಫೀಸಿಗೆ ಹೋಗಿ, ಚೆನ್ನೈಯಿಂದ ಹೊರಡುವ ಹಡಗಿಗೆ ಇಬ್ಬರ ಹೆಸರನ್ನೂ ಬರೆಸಿ ಬಂದೆ.

ಅಲ್ಲಿಗೆ ನನ್ನ ನಿದ್ದೆ ಕೆಟ್ಟಿತು. ಯಾಕೆಂದರೆ ಟ್ರಾವೆಲ್ ಆಫೀಸಿನ ಹುಡುಗಿ ಹಡಗಿನಲ್ಲಿ ಊಟಕ್ಕೆ ಯಾವ ಬಟ್ಟೆ ಎಂದು ಫೋನಿಗೆ ಒಂದು ಸಂದೇಶ ಕಳಿಸಿದಳು. ಮೊದಲ ದಿನ ಸ್ಮಾರ್ಟ್ ಕ್ಯಾಶುಯಲ್. ಎರಡನೆಯ ದಿನ ಸಂಜೆ ಫಾರ್ಮಲ್ ನೈಟ್, ಗಂಡಸರಿಗೆ ಕೋಟು ಮತ್ತು ಟೈ. ಚಡ್ಡಿ, ಚಪ್ಪಲಿ, ತೋಳಿಲ್ಲದ ಬನಿಯನ್ನಿನಲ್ಲಿ ಬಂದವರಿಗೆ ಆ ಹಾಲಿಗೆ ಪ್ರವೇಶವಿಲ್ಲ. ನನಗೆ ಗೊತ್ತಿದ್ದ ಕ್ಯಾಶುಯಲ್ ಎಂದರೆ ಕ್ಯಾಶುಯಲ್ ಲೀವು. ಅದರಲ್ಲಿ ಸ್ಮಾರ್ಟ್ ಆದದ್ದು ಎಂದರೆ ಭಾನುವಾರಕ್ಕೆ ಅಂಟಿಸಿ ಹಾಕುವ ಸೋಮವಾರದ ರಜೆ. ಇನ್ನು ಫಾರ್ಮಲ್ ಎನ್ನುವುದು ನಮ್ಮ ಕಚೇರಿಯಲ್ಲಿ ಬೈಗುಳಕ್ಕೆ ಹತ್ತಿರದ ಪದ. ಯಾರಾದರೂ ಮನಸ್ಸಿಲ್ಲದೆ ಹಾರ ಹಾಕಿದರೆ, “ಸುಮ್ನೆ ಫಾರ್ಮಾಲಿಟಿಗೆ ಮಾಡಿದ್ರು” ಎನ್ನುತ್ತಿದ್ದೆವು. ಮನಸ್ಸಿಟ್ಟು ಉಣ್ಣಬೇಕಾದ ಊಟಕ್ಕೆ ಯಾಕೆ ಆ ಹೆಸರಿಟ್ಟರೋ ತಿಳಿಯಲಿಲ್ಲ.

ಹುಡುಗಿಗೆ ಫೋನ್ ಮಾಡಿದೆ. “ಅಂಕಲ್, ಅಷ್ಟೊಂದು ಸ್ಟ್ರಿಕ್ಟ್ ಇರಲ್ಲ” ಎಂದಳು.

“ಅಷ್ಟೊಂದು ಅಂದ್ರೆ ಎಷ್ಟಮ್ಮ?”

“ಅಂದ್ರೆ… ನೀಟಾಗಿದ್ರೆ ಬಿಡ್ತಾರೆ ಅಂಕಲ್. ಬಿಡ್ದಿದ್ರೆ ಮೇಲ್ಗಡೆ ಬಫೆ ಇರುತ್ತೆ. ಅಲ್ಲಿಗೆ ಶಾರ್ಟ್ಸಲ್ಲೂ ಹೋಗ್ಬಹುದು.”

“ಬಿಡ್ದಿದ್ರೆ” ಎಂಬ ಒಂದು ಮಾತು ಸಾಕಾಯಿತು. ಸುಮಿತ್ರ ಕೇಳಿದ್ದು ಬಫೆಯನ್ನಲ್ಲ, ಆ ಗಾಜಿನ ಪಕ್ಕದ ಮೇಜನ್ನು. ಅಲ್ಲಿ ಕೂತ ಮೇಲೆ ಯಾರಾದರೂ ಬಂದು, ಸಾರ್, ಈ ಬಟ್ಟೆ ನಡೆಯುವುದಿಲ್ಲ, ಏಳಿ ಎಂದುಬಿಟ್ಟರೆ? ನಮ್ಮನ್ನು ಎಬ್ಬಿಸಿಬಿಟ್ಟರೆ?

ಎಬ್ಬಿಸುವುದು. ಈ ಪದಕ್ಕೂ ನನಗೂ ಹಳೆಯ ನಂಟಿದೆ. ಚಿಕ್ಕವನಿದ್ದಾಗ ನಾನು ಬಹಳ ಸಣಕಲು. ಅಂಗಿ ತೆಗೆದರೆ ಪಕ್ಕೆಲುಬುಗಳು ಕಾಣುತ್ತಿದ್ದವು, ಓರಗೆಯವರು ‘ಏಣಿ’ ಎಂದು ಕರೆಯುತ್ತಿದ್ದರು. ನಮ್ಮ ಕಡೆ ಮಡಿಯ ಊಟವೆಂದರೆ ಗಂಡಸರು ಅಂಗಿ ತೆಗೆದೇ ಕೂರಬೇಕು. ಬಸವನಗುಡಿಯ ಛತ್ರವೊಂದರಲ್ಲಿ ದಾಯಾದಿಯೊಬ್ಬನ ಮುಂಜಿ. ಏಣಿ ಎನ್ನಿಸಿಕೊಳ್ಳುವುದು ಬೇಡವೆಂದು ನಾನು ಅಂಗಿಯಲ್ಲೇ ಹೋಗಿ, ಒಬ್ಬ ದಪ್ಪನೆಯ ಮಾವನ ಮರೆಯಲ್ಲಿ ಕೂತುಬಿಟ್ಟೆ. ಎಲೆಯ ತುದಿಗೆ ಪಾಯಸ ಬಿತ್ತು. ಕೋಸಂಬರಿ ಬಿತ್ತು. ಅಷ್ಟರಲ್ಲಿ ಪಂಕ್ತಿ ನೋಡಿಕೊಳ್ಳುತ್ತಿದ್ದ ದೊಡ್ಡಪ್ಪ ಬಂದು ನನ್ನ ಮುಂದೆ ನಿಂತರು. “ಏಳೋ ಮೇಲೆ. ಅಂಗಿ ಹಾಕ್ಕೊಂಡು ಊಟಕ್ಕೆ ಕೂತಿದೀಯಲ್ಲ, ಯಾರ ಮಗನೋ ನೀನು?” ಯಾರ ಮಗನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಇಡೀ ಪಂಕ್ತಿ ನನ್ನ ಕಡೆ ತಿರುಗಿತು. ಎದ್ದು, ಮೂಲೆಗೆ ಹೋಗಿ, ಗುಂಡಿ ಬಿಚ್ಚಿ ವಾಪಸು ಬರುವಷ್ಟರಲ್ಲಿ ನನ್ನ ಎಲೆಯ ಮುಂದೆ ಬೇರೆ ಯಾರೋ ಕೂತು ನನ್ನ ಪಾಯಸವನ್ನು ಬಳಿದು ನೆಕ್ಕುತ್ತಿದ್ದರು. ಕೊನೆಯ ಪಂಕ್ತಿಗೆ ಪಾಯಸ ಉಳಿಯಲಿಲ್ಲ.

ಅಂಗಿ ತೆಗೆದರೂ ಆ ಪಂಕ್ತಿಯಲ್ಲಿ ಕೂರುವಂತಿಲ್ಲದ ಜನ ಛತ್ರದ ಹಿಂಬಾಗಿಲಲ್ಲಿ ಕಾಯುತ್ತಿದ್ದರು ಎನ್ನುವುದು ನನ್ನ ತಲೆಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ. ಅವರಿಗಾದದ್ದರ ಮುಂದೆ ನನಗಾದದ್ದು ಏನೂ ಅಲ್ಲ. ಆದರೆ ಹೊಟ್ಟೆಯೊಳಗಿನ ಹೆದರಿಕೆಗೆ ಇಂಥ ಬುದ್ಧಿಯೆಲ್ಲ ಎಲ್ಲಿ ತಿಳಿಯುತ್ತದೆ? ಇವತ್ತಿಗೂ ಬಸ್ಸಿನಲ್ಲಿ ಸೀಟು ಸಿಕ್ಕರೆ ಮೇಲೆ ಏನು ಬರೆದಿದೆಯೆಂದು ಓದಿಯೇ ಕೂರುತ್ತೇನೆ. ಮದುವೆಮನೆಯಲ್ಲಿ ಮುಂದಿನ ಸೋಫಾದಲ್ಲಿ ಯಾರಾದರೂ ಕೂರಿಸಿದರೆ ಅರ್ಧಕ್ಕೆ ಮಾತ್ರ ಕೂರುತ್ತೇನೆ, ಏಳಲು ಸುಲಭವಾಗಲೆಂದು. ಅಂತೂ ಅಂಗಿ ತೆಗೆದು ಉಣ್ಣುವುದನ್ನು ಕಷ್ಟಪಟ್ಟು ಕಲಿತವನಿಗೆ, ಈ ವಯಸ್ಸಿನಲ್ಲಿ ಅಂಗಿಯ ಮೇಲೆ ಕೋಟು ಹಾಕಿ ಉಣ್ಣುವುದನ್ನು ಕಲಿಯುವ ಸ್ಥಿತಿ ಬಂತು.

ಮೊದಲು ನಮ್ಮ ಬೀದಿಯ ಟೈಲರ್ ಹತ್ತಿರ ಹೋದೆ. “ಕೋಟಾ? ಮದುವೆ ಗಂಡು ಯಾರು ಸಾರ್?” ಎಂದ. ನಾನೇ ಎನ್ನಲು ನಾಚಿಕೆಯಾಗಿ ಎದ್ದು ಬಂದೆ. ಬನಶಂಕರಿಯ ದೊಡ್ಡ ಅಂಗಡಿಯಲ್ಲಿ ಮಿರಮಿರ ಮಿಂಚುವ, ಎದೆಯ ಮೇಲೆ ಕಲ್ಲು ಕೂರಿಸಿದ ಕೋಟುಗಳಿದ್ದವು. ಹಾಕಿಕೊಂಡು ಕನ್ನಡಿ ನೋಡಿದರೆ ಆರ್ಕೆಸ್ಟ್ರಾದಲ್ಲಿ ಹಾಡುವವನ ಹಾಗೆ ಕಂಡೆ. ಕೊನೆಗೆ ಜಯನಗರದ ನಾಲ್ಕನೇ ಬ್ಲಾಕಿನಲ್ಲಿ, ಬಾಗಿಲಿಗೆ ಶಾಲೆಯ ಟೈ, ಬೆಲ್ಟುಗಳನ್ನು ನೇತುಹಾಕಿದ್ದ ಒಂದು ಅಂಗಡಿ ಕಣ್ಣಿಗೆ ಬಿತ್ತು. ಟೈ ಇರುವಲ್ಲಿ ಕೋಟೂ ಇರಲೇಬೇಕು ಎಂಬ ತರ್ಕದ ಮೇಲೆ ಒಳಗೆ ಹೋದೆ. ತರ್ಕ ತಪ್ಪಲಿಲ್ಲ. ಸಾಲಾಗಿ ಕರಿಯ ಕೋಟುಗಳಿದ್ದವು. ಸರಳ, ಗಂಭೀರ, ಕಲ್ಲುಗಿಲ್ಲು ಏನೂ ಇಲ್ಲ.

ಅಂಗಡಿಯಾತ ನನ್ನ ಬೆನ್ನಿಗೆ ಒಂದನ್ನು ಹಿಡಿದು ನೋಡುತ್ತಾ, “ಹೊಸದಾಗಿ ಎನ್ರೋಲ್ ಆಗಿದೀರಾ ಸಾರ್?” ಎಂದ.

“ಹೂಂ, ಹೋದ ವಾರ ಇಬ್ಬರದ್ದೂ ಆಯ್ತು” ಎಂದೆ.

“ಇಬ್ಬರೂನಾ? ಈ ವಯಸ್ಸಲ್ಲಿ ಭಾರಿ ಉತ್ಸಾಹ ಬಿಡಿ. ಬ್ಯಾಂಡ್ ಕೊಡ್ಲಾ?”

“ಬ್ಯಾಂಡೆಲ್ಲ ಅವರೇ ಇಟ್ಟಿರ್ತಾರಂತೆ. ದಿನಾ ಸಂಜೆ ಇರುತ್ತಂತೆ.”

ಆತ ನನ್ನ ಮುಖ ನೋಡಿದ. “ಗೌನು?”

“ಗೌನ್ ಬೇಡಪ್ಪ. ನಮ್ಮನೆಯವರು ಸೀರೆನೇ ಉಡೋದು.”

ಆತ ಬೇಗ ಬೇಗ ಕಟ್ಟಿಕೊಟ್ಟ. ಬರುವಾಗ ಬಾಗಿಲಿಗೆ ನೇತುಹಾಕಿದ್ದರಲ್ಲೇ ಒಂದು ಟೈಯನ್ನೂ ತೆಗೆದುಕೊಂಡೆ. ಗಂಟು ಮೊದಲೇ ಹಾಕಿತ್ತು, ಹಿಂದೆ ಎಲಾಸ್ಟಿಕ್ಕು. ಕೊರಳಿಗೆ ಸಿಕ್ಕಿಸಿಕೊಂಡರೆ ಆಯಿತು. ಎದೆಯ ಅರ್ಧಕ್ಕೇ ನಿಂತಿತು, ಅದೊಂದು ಕೊರತೆ.

ಮನೆಯಲ್ಲಿ ಒಂದು ಸಂಜೆ ಎಲ್ಲವನ್ನೂ ಹಾಕಿಕೊಂಡು ಊಟಕ್ಕೆ ಕೂತೆ, ಅಭ್ಯಾಸವಾಗಲೆಂದು. ಸುಮಿತ್ರ ನೋಡಿ, “ಏಳನೇ ಕ್ಲಾಸಿನ ಲೀಡರ್ ಥರ ಕಾಣ್ತಿದೀರಿ” ಎಂದಳು. ಆಮೇಲೆ, “ಈ ಕೋಟು ಎಲ್ಲೋ ನೋಡಿದೀನಲ್ಲ” ಎಂದು ಯೋಚಿಸಿದಳು, ಹೊಳೆಯಲಿಲ್ಲ. ನನ್ನ ತೋಳು ಸಾರಿನ ಬಟ್ಟಲಿಗೆ ಅದ್ದಿತು. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಈ ನಗುವಿನಲ್ಲಿ ಇವತ್ತು ನಾಲ್ಕು ತುತ್ತು ಹೆಚ್ಚಿಗೆ ಉಣ್ಣುತ್ತಾಳೆ ಎಂದು ನಾನು ಆಸೆಯಿಂದ ನೋಡುತ್ತಿದ್ದೆ. ಕಣ್ಣೊರೆಸಿಕೊಂಡು, “ಸಾಕು” ಎಂದು ಎದ್ದಳು.

ಹಡಗು ಹತ್ತಿದ ಮೇಲೆ ಸಮುದ್ರ ನೋಡಿದೆನೋ ಇಲ್ಲವೋ ನೆನಪಿಲ್ಲ. ನಾನು ನೋಡಿದ್ದು ಜನರ ಬಟ್ಟೆಯನ್ನು. ಲಿಫ್ಟಿನಲ್ಲಿ, ಮೆಟ್ಟಿಲಲ್ಲಿ, ಯಾರ ಕೈಯಲ್ಲಿ ಇಸ್ತ್ರಿಯ ಕವರಿದೆ, ಯಾರ ಕಾಲಲ್ಲಿ ಬೂಟಿದೆ ಎಂದು ಎಣಿಸುತ್ತಿದ್ದೆ. ಸುಮಿತ್ರಳಿಗೂ ಅದನ್ನೇ ಹೇಳುತ್ತಿದ್ದೆ. “ನೋಡು, ಅವನಿಗೆ ಕೋಟಿದೆ. ನೋಡು, ಆ ಟೈ ಹೊಟ್ಟೆವರೆಗೂ ಇದೆ. ನನ್ನದು ಗಿಡ್ಡ ಆಯ್ತಲ್ಲ, ಎಬ್ಬಿಸಲ್ಲ ತಾನೆ?” ಮೊದಲೆರಡು ಸಲ ಅವಳು, “ಏನೂ ಆಗಲ್ಲ ಸುಮ್ನಿರಿ” ಎಂದಳು. ಆಮೇಲೆ ಅವಳೂ ಜನರ ಟೈ ನೋಡತೊಡಗಿದಳು.

ಎರಡನೆಯ ಸಂಜೆ ಬಂತು. ಅವಳು ಮಾವಿನ ಹಸಿರಿನ ರೇಷ್ಮೆ ಸೀರೆ ಉಟ್ಟಳು. ರವಿಕೆ ಸಡಿಲವಾಗಿತ್ತು, ಒಳಗೆ ಪಿನ್ನು ಹಾಕಿ ಬಿಗಿ ಮಾಡಿಕೊಂಡಳು. ಹೊಸದಾಗಿ ಬಂದಿದ್ದ ಮೋಟು ಕೂದಲಿಗೆ ಹೂ ನಿಲ್ಲಲಿಲ್ಲ. ಊಟದ ಹಾಲಿನ ಬಾಗಿಲಲ್ಲಿ ಇಬ್ಬರು ನಿಂತು ಬಂದವರಿಗೆಲ್ಲ ನಮಸ್ಕಾರ ಹೇಳುತ್ತಿದ್ದರು. ಅವರ ಕಣ್ಣು ನನ್ನ ಬೂಟಿನಿಂದ ಟೈಗೆ ಏರಿತು. ಟೈಯ ಮೇಲೆ ಸ್ವಲ್ಪ ನಿಂತಿತು. “ವೆಲ್‌ಕಮ್ ಸರ್” ಎಂದು ಒಳಗೆ ಬಿಟ್ಟರು. ಗಾಜಿನ ಪಕ್ಕದ ಮೇಜೇ ಸಿಕ್ಕಿತು. ಹೊರಗೆ ಇನ್ನೂ ಬೆಳಕಿತ್ತು. ಸುಮಿತ್ರ ಗಾಜಿಗೆ ಹಣೆ ತಾಗಿಸಿ ನೋಡುತ್ತಾ, “ಬೋರ್ಡಿನ ಮೂಲೇಲಿ ಇಷ್ಟೇ ಇಷ್ಟು ಬರೀತಿದ್ದೆ ರೀ ಇದನ್ನ” ಎಂದಳು. ಬಂಗಾಳ ಕೊಲ್ಲಿಯ ಬಗ್ಗೆ ಹೇಳುತ್ತಿದ್ದಳು.

ನಮ್ಮ ಎದುರಿಗೆ ಇನ್ನೊಂದು ಜೋಡಿಯನ್ನು ತಂದು ಕೂರಿಸಿದರು. ಬಿಟಿಎಂ ಲೇಔಟಿನವರಂತೆ. ಗಂಡ ಕೂತವನೇ ನನ್ನ ಕೋಟನ್ನು ನೋಡಿ ಕೈ ಮುಗಿದ. “ಹೈಕೋರ್ಟಾ ಸಾರ್, ಸಿಟಿ ಸಿವಿಲ್ಲಾ?”

ಎನ್ರೋಲು, ಬ್ಯಾಂಡು, ಗೌನು, ಮೂರೂ ಒಟ್ಟಿಗೆ ನನ್ನ ತಲೆಯಲ್ಲಿ ಬಿಚ್ಚಿಕೊಂಡವು. ನಾನು ತೊಟ್ಟಿದ್ದು ವಕೀಲರ ಕೋಟು. ಅಂಗಡಿಯಾತ ಕೇಳಿದ್ದು ವಕೀಲನಾಗಿ ಹೆಸರು ನೋಂದಾಯಿಸಿದ್ದನ್ನು, ವಕೀಲರ ಕೊರಳಿನ ಬಿಳಿ ಪಟ್ಟಿಯನ್ನು, ವಕೀಲರ ನಿಲುವಂಗಿಯನ್ನು. ಪಕ್ಕದಲ್ಲಿ ಸುಮಿತ್ರ, “ಹಾಂ, ಅದೇ! ನಮ್ಮ ಸ್ಕೂಲಿನ ಕೇಸಿಗೆ ಬರ್ತಿದ್ರಲ್ಲ, ಆ ಲಾಯರ್ ಕೋಟು” ಎಂದು ಮೆಲ್ಲಗೆ ಹೇಳಿದಳು. ಅಲ್ಲ ಎಂದುಬಿಡಬಹುದಿತ್ತು. ಆದರೆ ವಕೀಲನಲ್ಲದವನು ವಕೀಲನ ಕೋಟು ತೊಟ್ಟು ಫಾರ್ಮಲ್ ನೈಟಿಗೆ ಬಂದಿದ್ದಾನೆಂದು ಗುಲ್ಲಾದರೆ? ಬಾಗಿಲಲ್ಲಿದ್ದವರು ಬಂದರೆ? “ಈಗ ಅಷ್ಟಾಗಿ ಹೋಗ್ತಿಲ್ಲ” ಎಂದೆ. ಅದು ಸುಳ್ಳೂ ಅಲ್ಲ.

“ಬಿಡಿ ಸಾರ್, ಅನುಭವ ಎಲ್ಲಿ ಹೋಗುತ್ತೆ. ಕೋಣನಕುಂಟೇಲಿ ನಮ್ದೊಂದು ಸೈಟಿದೆ, ಬಿ ಖಾತಾ, ಕಾಗದಪತ್ರ ಅಷ್ಟು ಸರಿಯಿಲ್ಲ. ಪಕ್ಕದೋನು ಕಾಂಪೌಂಡು ಒತ್ತಿಬಿಟ್ಟಿದಾನೆ. ಏನ್ ಮಾಡ್ಬೇಕು ಹೇಳಿ?”

“ನೋಡೋಣ” ಎಂದೆ. ಎಲ್ಲದಕ್ಕೂ ನೋಡೋಣ ಎಂದೆ. ಕಚೇರಿಯಲ್ಲಿ ಕಲಿತ ಒಂದೇ ವಿದ್ಯೆ ಅದು, ಚೆನ್ನಾಗಿಯೇ ಕೆಲಸಕ್ಕೆ ಬಂತು. ಆತ ನನ್ನ ಗಾಂಭೀರ್ಯಕ್ಕೆ ತಲೆದೂಗಿದ.

ಸೂಪು ಬಂತು, ಹೋಯಿತು. ಜೀರಾ ರೈಸು, ದಾಲು, ಪಲ್ಯದಂಥದ್ದೇನೋ ಬಂತು. ಕಾಂಪೌಂಡಿನ ಗಲಾಟೆಯ ನಡುವೆ ನಾನು ಪಕ್ಕಕ್ಕೆ ತಿರುಗಿದಾಗ ಸುಮಿತ್ರ ಚಮಚ ಮುಟ್ಟಿರಲಿಲ್ಲ. ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿ, ಹಲ್ಲು ಕಚ್ಚಿ ಕೂತಿದ್ದಳು. ತಲೆಯ ಮೇಲಿನ ಎಸಿ ನೇರವಾಗಿ ಅವಳ ಕುತ್ತಿಗೆಗೆ ಬೀಸುತ್ತಿತ್ತು. ತೂಕ ಇಳಿದ ಮೇಲೆ ಅವಳಿಗೆ ಫ್ಯಾನಿನ ಗಾಳಿಯೂ ಚಳಿಯೇ. ಮೈ ಸಣ್ಣಗೆ ನಡುಗುತ್ತಿತ್ತು.

“ಚಳಿನಾ? ಹೇಳ್ಬಾರ್ದಾ? ತಗೋ, ಕೋಟು ಹಾಕ್ಕೋ.”

“ಬೇಡ ಬೇಡ, ತೆಗೀಬೇಡಿ” ಎಂದು ನನ್ನ ಕೈ ಹಿಡಿದುಕೊಂಡಳು. ಬಾಗಿಲ ಕಡೆ ಒಮ್ಮೆ ನೋಡಿ, ಧ್ವನಿ ತಗ್ಗಿಸಿ, “ಎಬ್ಬಿಸಿಬಿಟ್ರೆ?” ಎಂದಳು.

ಆ ಮಾತು ನನ್ನನ್ನು ಇರಿಯಿತು. ಸೂಜಿಗೆ ಹೆದರದವಳು, ಸ್ಕ್ಯಾನಿಂಗ್ ಯಂತ್ರದೊಳಗೆ ಒಬ್ಬಳೇ ಮಲಗಿ ಬಂದು ನನಗೇ ಧೈರ್ಯ ಹೇಳಿದವಳು, ಈಗ ನನ್ನ ಹೆದರಿಕೆಯನ್ನು ಮೈಗೆ ಅಂಟಿಸಿಕೊಂಡು ಕೂತಿದ್ದಳು. ಅವಳಿಗೆ ಊಟ ಸೇರಲೆಂದು ಇಷ್ಟು ದೂರ ಕರೆತಂದವನು ನಾನೇ, ದಾರಿಯುದ್ದಕ್ಕೂ ಅವಳ ಊಟ ಕೆಡಿಸಿದವನೂ ನಾನೇ. ನನ್ನ ಮೇಲೆ ನನಗೇ ಸಿಟ್ಟು ಬಂತು. ಎದ್ದು ನಿಂತು ಕೋಟು ಬಿಚ್ಚಿ, ಅವಳ ಭುಜಕ್ಕೆ ಹೊದಿಸಿ, ತೋಳುಗಳೊಳಗೆ ಕೈ ತೂರಿಸಿ, ಗುಂಡಿಯನ್ನೂ ಹಾಕಿದೆ. ಬಿಟಿಎಂನವನು ಮಾತು ನಿಲ್ಲಿಸಿ ಬೆಪ್ಪಾಗಿ ನೋಡಿದ.

ನಾನೀಗ ಅರ್ಧ ತೋಳಿನ ಅಂಗಿ ಮತ್ತು ಗೇಣುದ್ದದ ಟೈಯಲ್ಲಿ ಕೂತಿದ್ದೆ. ಬಡಿಸುವಾತ ನೇರವಾಗಿ ನಮ್ಮ ಕಡೆಗೇ ಬಂದ. ನನ್ನಷ್ಟೇ ವಯಸ್ಸಿನ, ಯಾವ ದೇಶದವನೋ ತಿಳಿಯದ ಬೊಕ್ಕತಲೆಯ ಮನುಷ್ಯ. ಆತ ಬಗ್ಗಿ, ನನ್ನ ಲೋಟಕ್ಕೆ ನೀರು ತುಂಬಿಸಿ ಹೋದ.

ಸ್ವಲ್ಪ ಹೊತ್ತಿಗೆ ಸುಮಿತ್ರಳ ನಡುಕ ನಿಂತಿತು. ಚಮಚ ತೆಗೆದುಕೊಂಡಳು. ಒಂದು ತುತ್ತು, ಇನ್ನೊಂದು. ಇನ್ನೇನು ‘ಸಾಕು’ ಬರುತ್ತದೆ ಎಂದು ನಾನು ಕಿವಿ ಗಟ್ಟಿಮಾಡಿಕೊಂಡು ಕೂತೆ. ಎದುರಿನವನ ಕಾಂಪೌಂಡು ಯಾವ ದಿಕ್ಕಿಗೆ ಹೋಯಿತೋ ಕೇಳಿಸಲಿಲ್ಲ. ಹೊರಗೆ ಕತ್ತಲಾಯಿತು. ಬಿಟಿಎಂನವರು ಐಸ್‌ಕ್ರೀಮು ಮುಗಿಸಿ, “ಬರ್ತೀವಿ ಸಾರ್, ಮೇಡಮ್ಮೂ ಲಾಯರ್ರೇ ಅಂತ ಗೊತ್ತಾಗ್ಲಿಲ್ಲ” ಎಂದು ಹೇಳಿ ಎದ್ದರು. ಅವರು ಹೋದ ಮೇಲೆ ಸುಮಿತ್ರ ತಟ್ಟೆಯಿಂದ ತಲೆ ಎತ್ತದೆಯೇ ಹೇಳಿದಳು.

“ಇನ್ನು ಸ್ವಲ್ಪ ಅನ್ನ ಸಿಗುತ್ತಾ ಕೇಳ್ರೀ.”

ನಾನು ಕೈ ಎತ್ತಿ, ಹಾಲಿನ ಆ ತುದಿಯಲ್ಲಿದ್ದ ಬೊಕ್ಕತಲೆಯವನನ್ನು ಕರೆದೆ. ಅನ್ನ ಬಂತು, ದಾಲು ಬಂತು. ಅವಳು ಚಮಚವನ್ನು ಬದಿಗಿಟ್ಟಳು.

ಸುತ್ತಲಿನ ಮೇಜುಗಳು ಒಂದೊಂದಾಗಿ ಖಾಲಿಯಾದವು. ಬಿಳಿ ಬಟ್ಟೆಗಳನ್ನು ಎಳೆದು ಮಡಿಸತೊಡಗಿದರು. ನಮ್ಮ ಆಚೀಚೆ ಕುರ್ಚಿಗಳು ಮೇಜಿನ ಕೆಳಗೆ ಸೇರಿದವು. ಬೊಕ್ಕತಲೆಯವನು ಬಂದು, ಕೈ ಹಿಂದೆ ಕಟ್ಟಿ, ನಮ್ಮ ಮೇಜಿನ ಪಕ್ಕ ನಿಂತ. ಹಾಲ್ ಮುಚ್ಚುವ ಹೊತ್ತಾಗಿತ್ತು.

“ಸ್ವಲ್ಪ ಇರಪ್ಪ, ಅವಳಿನ್ನೂ ಊಟ ಮಾಡ್ತಿದಾಳೆ” ಎಂದೆ. ಕನ್ನಡದಲ್ಲೇ ಹೇಳಿದೆ, ಬೇರೆ ಯಾವ ಭಾಷೆಯೂ ಆಗ ನನ್ನ ಬಾಯಿಗೆ ಬರಲಿಲ್ಲ.

ಆತ ಅವಳನ್ನು ನೋಡಿದ, ನನ್ನನ್ನು ನೋಡಿದ. ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಸುಮಿತ್ರ ಕೋಟಿನ ತೋಳನ್ನು ಮೊಣಕೈವರೆಗೆ ಮಡಿಸಿಕೊಂಡು, ಅನ್ನಕ್ಕೆ ದಾಲು ಹಾಕಿ, ನಿಧಾನವಾಗಿ ಕೈಯಲ್ಲಿ ಕಲಸುತ್ತಿದ್ದಳು.